ನೀರಿನ ಸೂತಕ

ಅವರ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಒಂದು ಗುಳಿ ಇತ್ತು. ಮೆಂತ್ಯದ ಕಾಳೊಂದನ್ನು ಇಟ್ಟರೆ ಉರುಳದೆ ಅಲ್ಲೇ ಕೂರುವಷ್ಟು. ತೋರುಬೆರಳಿನಲ್ಲಿ ಅದರ ಜೋಡಿ, ಸ್ವಲ್ಪ ಚಿಕ್ಕದು. ಗಾಯ ವಾಸಿಯಾದರೂ ಗುಳಿ ತುಂಬಲಿಲ್ಲ. ಹೊಸಬರು ಯಾರಾದರೂ ಅದನ್ನು ಕಂಡು ಮುಜುಗರದಿಂದ ಕಣ್ಣು ತಿರುಗಿಸಿದರೆ ಸಾಕು, ಕೈಯನ್ನು ಇನ್ನಷ್ಟು ಮುಂದಕ್ಕೆ ಚಾಚಿ, "ನೋಡ್ಕಳಿ, ಚೆನ್ನಾಗಿ ನೋಡ್ಕಳಿ. ಇದು ನಮ್ಮ ಬೀದಿ ಫ್ಯಾಕ್ಟ್ರಿ ಕೊಟ್ಟ ಬಳುವಳಿ" ಅನ್ನುತ್ತಿದ್ದರು.

ಬೀದಿಗೆಲ್ಲ ಅವರು ಮೂಲೆಮನೆ ದೊಡ್ಡಮ್ಮ. ನನಗೆ ರಕ್ತಸಂಬಂಧವಲ್ಲ. ವಿದ್ಯಾರಣ್ಯಪುರಂ ದಾಟಿದ ಮೇಲೆ ಸಿಗುವ ಆ ಬೀದಿಗೆ ನಾನು ಸೊಸೆಯಾಗಿ ಬಂದಾಗ, ಹೊಸಿಲು ದಾಟುವ ಮೊದಲೇ ನನ್ನ ಗಲ್ಲ ಹಿಡಿದೆತ್ತಿ, "ರಂಗೋಲಿ ಬುಡಕ್ಕೆ ಬತ್ತದಾ?" ಎಂದು ಕೇಳಿದವರು ಅವರು. ನನಗೆ ಬರುತ್ತಿರಲಿಲ್ಲ. ನಮ್ಮತ್ತೆಯ ಮುಖ ಸಪ್ಪಗಾಯಿತು. ದೊಡ್ಡಮ್ಮ ಮಾತ್ರ ನಕ್ಕು, "ಬುಡು, ಕಲೀಬೋದು. ಗಂಡನ್ನ ತಿದ್ದೋದಕ್ಕಿಂತ ಸುಲಭ" ಅಂದರು. ಪಕ್ಕದಲ್ಲೇ ನಿಂತಿದ್ದ ದೊಡ್ಡಪ್ಪ, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು, ಅದು ತಮಗಲ್ಲವೆಂಬಂತೆ ಆಕಾಶ ನೋಡಿದರು.

ತಿ. ನರಸೀಪುರದ ಕಡೆಯ ರೈತರ ಮನೆಯ ಹೆಣ್ಣು. ದನಿ ಗದ್ದೆಯ ಈ ಬದುವಿನಿಂದ ಆ ಬದುವಿಗೆ ಕೇಳಿಸುವಂಥದ್ದು. ಪಟ್ಟಣದ ಬೀದಿಗೆ ಅದು ಹೆಚ್ಚಾಯಿತೆಂದು ಅವರಿಗೆ ಯಾವತ್ತೂ ಅನ್ನಿಸಲೇ ಇಲ್ಲ. ಬೆಳಿಗ್ಗೆ ಬೆಟ್ಟದ ಕಡೆ ತಿರುಗಿ ತಾಯಿಗೊಂದು ಕೈಮುಗಿದು, ಸೆರಗು ಸಿಕ್ಕಿಸಿಕೊಂಡು ಬಾಗಿಲ ಮುಂದೆ ಬಗ್ಗಿದರೆ, ಹಾಲಿನವನು ಬರುವಷ್ಟರಲ್ಲಿ ಅಂಗಳ ತುಂಬ ರಂಗೋಲಿ. ಹಾಲಿನವನು ತುಳಿಯದೆ ಹೇಗೆ ಬರುವುದೆಂದು ಒದ್ದಾಡಿದರೆ ಬೈಯುತ್ತಿದ್ದರು: "ತುಳಿಯೋ ಪುಣ್ಯಾತ್ಮ! ಅದು ಇರೋದೇ ತುಳಿಯೋಕೆ. ನಾಳೆ ಮತ್ತೆ ಬುಡ್ತೀನಿ."

ನಮ್ಮ ಬೀದಿಯ ಕೊನೆಯಲ್ಲಿ ಬಣ್ಣದ ಫ್ಯಾಕ್ಟರಿ ಇತ್ತು. ಗೋಡೆಗೆ ಹಚ್ಚುವ ಪೇಂಟಿಗೆ ಬೇಕಾದ ಪುಡಿ ಅಲ್ಲಿ ತಯಾರಾಗುತ್ತಿತ್ತಂತೆ. ನಾನು ಬರುವ ಹೊತ್ತಿಗೆ ಅದು ಮುಚ್ಚಿ ಎಷ್ಟೋ ಕಾಲವಾಗಿತ್ತು. ಮಾಲೀಕರು ಗೇಟಿಗೆ ಬೀಗ ಜಡಿದು ಹೋದವರು ಹಿಂದಿರುಗಿ ನೋಡಿರಲಿಲ್ಲ. ಒಳಗೆ ಏನಿದೆ ಎಂದು ಯಾರೂ ಕೇಳಿರಲಿಲ್ಲ. ಶೀಟು ಹಾರಿಹೋದ ಶೆಡ್ಡುಗಳು, ತುಕ್ಕು ಹಿಡಿದ ಪೀಪಾಯಿಗಳು, ಹಲ್ಲಿ, ಹಾವು, ಬೇವಿನ ಗಿಡ. ಮಕ್ಕಳ ಕ್ರಿಕೆಟ್ ಚೆಂಡು ಒಳಗೆ ಬಿದ್ದರೆ ಹೋಯಿತು ಅಂತಲೇ ಲೆಕ್ಕ.

ಒಂದು ಮಳೆಗಾಲದಲ್ಲಿ ಬೀದಿ ಕಡೆಯ ಕಾಂಪೌಂಡ್ ಗೋಡೆ ಕುಸಿಯಿತು. ಗೋಡೆಯ ಹಿಂದೆ ಪೇರಿಸಿಟ್ಟಿದ್ದ ಮೂಟೆಗಳು ಒಡೆದು ಪುಡಿ ಹೊರಗೆ ಚೆಲ್ಲಿತು. ಎಂಥ ಹಳದಿ ಅಂತೀರಿ! ಅಂಗಡಿಯಲ್ಲಿ ಸಿಗುವ ರಂಗೋಲಿ ಹಳದಿ ಅದರ ಮುಂದೆ ಕಾಮಾಲೆಯ ಹಳದಿ. ಅದನ್ನು ಮೊದಲು ಕಂಡವರು ದೊಡ್ಡಮ್ಮ. ಒಂದು ಡಬ್ಬಿ ತುಂಬಿಕೊಂಡು ಬಂದರು. ಮಾರನೆಯ ದಿನ ಮೂಲೆಮನೆಯ ಮುಂದೆ ಬಿದ್ದ ಹಳದಿಯನ್ನು ಬೀದಿಯ ಹೆಂಗಸರೆಲ್ಲ ಸೊಂಟದ ಮೇಲೆ ಕೈಯಿಟ್ಟು ನೋಡಿದೆವು. ಅಸೂಯೆ ಇಲ್ಲದ ಹೆಂಗಸು ರಂಗೋಲಿ ಬಿಡುವುದುಂಟೇ? ಅವರೇನೂ ಜಿಪುಣರಲ್ಲ. ಮನೆಮನೆಗೂ ಡಬ್ಬಿ ಹಂಚಿದರು. ಆ ದಸರೆಗೆ ವಾರ್ಡಿನ ರಂಗೋಲಿ ಸ್ಪರ್ಧೆಯಲ್ಲಿ ಅವರು ಬಿಟ್ಟ ಗಂಡಭೇರುಂಡಕ್ಕೆ ಮೊದಲ ಬಹುಮಾನ ಬಂತು. ಬಹುಮಾನದ ಸ್ಟೀಲ್ ಕೊಡವನ್ನು ಸೊಂಟಕ್ಕೇರಿಸಿಕೊಂಡು, ಬೇಕೆಂದೇ ನಮ್ಮ ಬೀದಿಯನ್ನು ಎರಡು ಸುತ್ತು ಹಾಕಿ ಮನೆಗೆ ಹೋದರು.

ಚಳಿಗಾಲ ಬರುವ ಹೊತ್ತಿಗೆ ಬೆರಳಿನಲ್ಲಿ ಗಾಯವಾಯಿತು. ನೋವಿಲ್ಲ, ಆದರೆ ಮಾಯುವುದೂ ಇಲ್ಲ. ದಿನದಿನಕ್ಕೆ ಒಳಗೆ ಕೊರೆಯುತ್ತ ಹೋಯಿತು. ಮೊದಲು ತೋರಿಸಿದ ವೈದ್ಯರು ಪಾತ್ರೆ ಸೋಪು ಬದಲಾಯಿಸಲು ಹೇಳಿದರು. ಸೋಪು ಬದಲಾಯಿತು, ಗಾಯ ಬದಲಾಗಲಿಲ್ಲ. ಕೊನೆಗೆ ನಾನೇ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕುವೆಂಪುನಗರದ ಚರ್ಮದ ಡಾಕ್ಟರ ಹತ್ತಿರ ಕರೆದೊಯ್ದೆ. ಆಕೆ ಚಿಕ್ಕ ವಯಸ್ಸಿನವರು, ನಿಧಾನವಾಗಿ ನೋಡುವವರು. ಉಗುರಿನ ಸಂದಿಯ ಹಳದಿಯನ್ನು ನೋಡಿ, "ಇದು ಅರಿಶಿನಾನಾ ಅಮ್ಮ?" ಎಂದರು.

"ಅಲ್ಲ ಕಣವ್ವ. ರಂಗೋಲಿ ಬಣ್ಣ. ನಮ್ ಬೀದಿ ಫ್ಯಾಕ್ಟ್ರಿದು. ಬೇಕಾದ್ರೆ ನಿಂಗೂ ಒಂದು ಡಬ್ಬಿ ತಂದ್ಕೊಡ್ತೀನಿ."

ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. ಕೈ ತೊಳೆಯುವ ಸಿಂಕಿಗೆ ಅವರನ್ನು ಕೈಹಿಡಿದು ಕರೆದುಕೊಂಡು ಹೋಗಿ, ಎಷ್ಟೋ ಹೊತ್ತು ನೀರು ಬಿಟ್ಟು ತೊಳೆಸಿದರು. ಆಮೇಲೆ ಬಿಡಿಸಿ ಹೇಳಿದರು. ಆ ಹಳದಿಯಲ್ಲಿ ಸೀಸ ಇರುತ್ತದೆ, ಕ್ರೋಮಿಯಂ ಇರುತ್ತದೆ. ಗಾಯ ಕ್ರೋಮಿಯಂನದ್ದು. ಅದು ಉಸಿರಿಗೆ ಹೋಗಬಾರದು, ನೀರಿಗೆ ಸೇರಬಾರದು, ಮಕ್ಕಳ ಕೈಗೆ ಸಿಗಲೇಬಾರದು. ನಿಮ್ಮ ಬೀದಿಯಲ್ಲಿ ಬೋರ್‌ವೆಲ್ ಇದ್ದರೆ ಮೊದಲು ಆ ನೀರು ಪರೀಕ್ಷೆ ಮಾಡಿಸಿ ಎಂದರು. ನಾನು ಆಗ ನಾಲ್ಕು ತಿಂಗಳ ಬಸುರಿ. ಬೀದಿಗೆಲ್ಲ ಒಂದೇ ಬೋರ್‌ವೆಲ್, ಆ ನೀರು ಕುಡಿದಿದ್ದೆ, ಆ ಪುಡಿಯಲ್ಲಿ ಕಲಿತು ಕಲಿತು ರಂಗೋಲಿ ಬಿಟ್ಟಿದ್ದೆ.

ದೊಡ್ಡಮ್ಮ ಮನೆಗೆ ಬಂದವರೇ ಎರಡು ಕೈಗೂ ಹಾಲಿನ ಕವರು ಕಟ್ಟಿಕೊಂಡು, ಮೂತಿಗೆ ಟವೆಲ್ ಸುತ್ತಿಕೊಂಡು, ಬಕೆಟ್ ಹಿಡಿದು ಬೀದಿಗಿಳಿದರು. ತಾವು ಹಂಚಿದ ಡಬ್ಬಿಗಳನ್ನು ಮನೆಮನೆಗೂ ಹೋಗಿ ವಾಪಸ್ ಕೇಳಿದರು. ಯಾಕೆಂದು ಹೇಳಿಯೇ ಕೇಳಿದರು, ದನಿ ತಗ್ಗಿಸದೆ. ನಮ್ಮತ್ತೆ ಬೆಂಕಿಯಾದರು. "ಮನೇಲಿ ಬಸುರಿ ಹೆಂಗಸು ಇದಾಳೆ. ನೀನೇ ತಾನೆ ತಂದು ಕೊಟ್ಟಿದ್ದು?"

ದೊಡ್ಡಮ್ಮ ತಲೆ ತಗ್ಗಿಸಲಿಲ್ಲ. "ಹೂಂ ಕಣೆ, ನಾನೇ ಕೊಟ್ಟೆ. ತಪ್ಪು ನಂದು. ಆದ್ರೆ ವಿಷ ಅವ್ರುದ್ದು. ನನ್ನ ನೀನು ಬಯ್ಯಿ, ಬಯ್ದು ಮುಗಿಸು. ಆಮೇಲೆ ಇಬ್ರೂ ಸೇರಿ ಅವ್ರನ್ನ ಬಯ್ಯವ."

ನಮ್ಮತ್ತೆ ಬೈದರು. ಮನಸ್ಸು ತೃಪ್ತಿಯಾಗುವ ತನಕ ಬೈದರು. ದೊಡ್ಡಮ್ಮ ಬಾಗಿಲಲ್ಲೇ ನಿಂತು ಕೇಳಿಸಿಕೊಂಡು, ಡಬ್ಬಿ ಬಕೆಟ್ಟಿಗೆ ಹಾಕಿಕೊಂಡು ಮುಂದಿನ ಮನೆಗೆ ಹೋದರು.

ನೀರಿನ ಪರೀಕ್ಷೆಯ ಫಲಿತಾಂಶ ಬಂತು. ಬಾಯಿಗೆ ಹಾಕುವಂತಿಲ್ಲ ಅಂತ. ಅಲ್ಲಿಂದ ಮುಂದೆ ಟ್ಯಾಂಕರ್ ನೀರು, ಸಾಲಿನಲ್ಲಿ ಕೊಡ. ಅರ್ಜಿ ಕೊಟ್ಟೆವು, ಅಲೆದೆವು. ಕೊನೆಗೊಂದು ದಿನ ಸರ್ಕಾರದ ಕಡೆಯ ಸಾಹೇಬರೊಬ್ಬರು ಜೀಪಿನಲ್ಲಿ ಬಂದರು. ಅವರ ಜೊತೆ, ಆ ಜಾಗವನ್ನು ಹೊಸದಾಗಿ ಕೊಂಡಿದ್ದ ಮನುಷ್ಯ, ಬಿಳಿ ಷರಟು, ಬಿಳಿ ಚಪ್ಪಲಿ. ಸಾಹೇಬರು ಕರವಸ್ತ್ರ ಮೂಗಿಗಿಟ್ಟುಕೊಂಡು ಒಳಗೆ ಇಣುಕಿ, ಹೊರಗೆ ಬಂದು ನಮ್ಮನ್ನೇ ಗದರಿದರು. "ಬೇರೆಯವರ ಜಾಗಕ್ಕೆ ನುಗ್ಗಿ ಪುಡಿ ತಗೊಂಡು ಬನ್ನಿ ಅಂತ ನಿಮಗೆ ಯಾರಮ್ಮ ಹೇಳಿದ್ದು?"

ದೊಡ್ಡಮ್ಮನ ಬಾಯಿ ಕಟ್ಟುವಂಥದ್ದಲ್ಲ. "ನಾನು ತಗೊಂಡಿದ್ದು ತಪ್ಪು ಸ್ವಾಮಿ, ಬೆರಳು ಕೊಟ್ಟು ತೀರ್ಸಿದೀನಿ. ಬುಟ್ಟೋದವ್ರು ಏನು ಕೊಟ್ರು? ಅದು ಹೇಳಿ."

ಸಾಹೇಬರು ಅದನ್ನು ಬಿಟ್ಟು ಪರಿಹಾರ ಹೇಳಿದರು. ಅಲ್ಲೇ ಹಿಂಭಾಗದಲ್ಲಿ ದೊಡ್ಡ ಗುಂಡಿ ತೆಗೆದು ಮೂಟೆ, ಪೀಪಾಯಿ ಎಲ್ಲ ಹಾಕಿ ಮಣ್ಣು ಮುಚ್ಚಿಸಿಬಿಡುವುದು. ಮೇಲೆ ಲೇಔಟ್ ಆಗುತ್ತದೆ, ಸೈಟುಗಳಾಗುತ್ತವೆ, ಪಾರ್ಕು ಬರುತ್ತದೆ, ನಿಮ್ಮ ಮನೆಗಳಿಗೂ ಬೆಲೆ ಏರುತ್ತದೆ. ಬೀದಿಯಲ್ಲಿ ಒಂದಿಬ್ಬರ ಮುಖ ಅರಳಿದ್ದನ್ನು ನಾನು ನೋಡಿದೆ. ದೊಡ್ಡಮ್ಮ ಬ್ಯಾಂಡೇಜು ಸುತ್ತಿದ ಹೆಬ್ಬೆರಳನ್ನು ಅವರ ಮುಖದ ಮುಂದೆ ಹಿಡಿದರು. "ಮೇಲೆ ಮುಚ್ಚಿದ್ರೆ ವಾಸಿಯಾಗಂಗಿದ್ರೆ ಇದು ಯಾವಾಗ್ಲೋ ಆಗ್ತಿತ್ತು. ಮುಚ್ಚಿದಷ್ಟೂ ಒಳಗೊಳಗೇ ತಿಂತದೆ. ಎತ್ತಿ ಆಚೆಗೆ ಸಾಗ್ಸಿ. ಇಲ್ಲ ಅಂದ್ರೆ ಒಂದು ಗುದ್ದಲಿ ಮಣ್ಣೂ ಹಾಕಕ್ಕೆ ಬುಡಲ್ಲ."

ಬಿಳಿ ಚಪ್ಪಲಿಯವನು ನಕ್ಕ. "ಏನು ಮಾಡ್ತೀರಮ್ಮ?"

"ಏನೂ ಮಾಡಲ್ಲ ಕಣಪ್ಪ" ಅಂದರು ದೊಡ್ಡಮ್ಮ. "ದಿನಾ ಮಾಡೋದನ್ನ ನಿಲ್ಲಿಸ್ತೀನಿ."

ಮಾರನೆಯ ಬೆಳಿಗ್ಗೆ ಮೂಲೆಮನೆಯ ಮುಂದೆ ರಂಗೋಲಿ ಇರಲಿಲ್ಲ. ಬಾಗಿಲ ತೋರಣವೂ ಇಲ್ಲ. ನಮ್ಮ ಕಡೆ ಹಾಗಿರುವುದು ಸಾವಾದ ಮನೆ ಮಾತ್ರ. ಹೊಟ್ಟೆ ಹಿಡಿದುಕೊಂಡು ಓಡಿದೆ. ಜಗಲಿಯಲ್ಲಿ ದೊಡ್ಡಪ್ಪ ಪೇಪರ್ ಓದುತ್ತಿದ್ದವರು ತಲೆಯೆತ್ತದೆ, "ನಾನು ಇದೀನಿ ಕಣಮ್ಮ, ಗಾಬರಿ ಬೀಳಬೇಡ. ನಿನಗಿಂತ ಮೊದ್ಲು ಐದಾರು ಜನ ಬಂದು ನೋಡ್ಕೊಂಡು ಹೋದ್ರು" ಅಂದರು.

"ಹಾಗಾದ್ರೆ ಯಾರು ಹೋದ್ರು ದೊಡ್ಡಮ್ಮ?"

"ನೀರು ಹೋಗ್ಬುಡ್ತು" ಅಂದರು ಅವರು, ಸೊಪ್ಪು ಬಿಡಿಸುತ್ತ. "ಹೆತ್ತತಾಯಿ ಸತ್ರೆ ಸೂತಕ, ನೆಂಟ್ರು ಸತ್ರೆ ಸೂತಕ. ದಿನಾ ಕುಡಿಯೋ ನೀರು ಸತ್ರೆ ಏನೂ ಇಲ್ವಾ? ಆ ವಿಷದ ಹೆಣ ಎತ್ತೋ ತನಕ ನಮ್ಮನೆ ಮುಂದೆ ರಂಗೋಲಿ ಇಲ್ಲ."

ಕೇಳಿದಾಗ ನಗು ಬಂತು. ಆದರೆ ರಾತ್ರಿಯೆಲ್ಲ ಆ ಮಾತು ನನ್ನನ್ನು ಬಿಡಲಿಲ್ಲ. ಮಾರನೆಯ ದಿನ ನಾನೂ ಅಂಗಳಕ್ಕೆ ಬರೀ ನೀರು ಹಾಕಿ ಒಳಗೆ ಬಂದೆ. ಎದುರುಮನೆಯವರೂ ನಿಲ್ಲಿಸಿದರು. ವಾರ ಕಳೆಯುವುದರೊಳಗೆ ಇಡೀ ಬೀದಿ ಬೋಳು. ಸಂಕ್ರಾಂತಿಯೂ ಹಾಗೇ ಹೋಯಿತು. ಎಳ್ಳು ಬೀರಲು ಬೇರೆ ಬೀದಿಯಿಂದ ಬಂದ ಹೆಣ್ಣುಮಕ್ಕಳು ಬೀದಿಯ ತುದಿಯಲ್ಲೇ ನಿಂತು, ಒಳಗೆ ಬರಬಹುದೇ ಎಂದು ಕೂಗಿ ಕೇಳಿದರು.

ನಮ್ಮತ್ತೆಗೆ ಇದು ಸುತರಾಂ ಹಿಡಿಸಲಿಲ್ಲ. ಜಗಳ ಬಂದಿದ್ದು ನನ್ನ ಸೀಮಂತಕ್ಕೆ. "ಮೊದಲನೇ ಬಸಿರು. ಬಾಗಿಲಲ್ಲಿ ರಂಗೋಲಿ ಇಲ್ಲದೆ ಸೀಮಂತಾನಾ? ಅವಳ ಹಟಕ್ಕೆ ನನ್ನ ಮೊಮ್ಮಗೂಗೆ ಅಪಶಕುನವಾ?" ಎಂದು ಕಣ್ಣೀರು ಹಾಕಿದರು. ಅವರ ಸಂಕಟ ಸುಳ್ಳಲ್ಲ. ಸುದ್ದಿ ತಿಳಿದ ದೊಡ್ಡಮ್ಮ, ಸೀಮಂತದ ಬೆಳಿಗ್ಗೆ ಯಾರೂ ಕರೆಯದೆ ಬಂದರು. ಅತ್ತೆಯ ಕಡೆ ನೋಡಲಿಲ್ಲ. ಒಂದು ಬಟ್ಟಲು ಅಕ್ಕಿಹಿಟ್ಟು ಕೇಳಿ ತೆಗೆದುಕೊಂಡು ನಡುಮನೆಯಲ್ಲಿ, ನಾನು ಕೂರಬೇಕಾದ ಮಣೆಯ ಸುತ್ತ ರಂಗೋಲಿ ಬಿಡಲು ಕೂತರು. ಗಾಯದ ಬೆರಳಿಗೆ ಎಳೆ ಎಳೆಯಲಾಗುತ್ತಿರಲಿಲ್ಲ. ಹಿಟ್ಟು ಗುಳಿಯಲ್ಲಿ ಸಿಕ್ಕಿ ತುಂಡು ತುಂಡಾಗಿ ಉದುರುತ್ತಿತ್ತು. "ಎಳೆ ಬರಲ್ಲ ಕಣೆ, ಚುಕ್ಕಿ ಬತ್ತದೆ" ಎಂದು ಅತ್ತೆಗೇ ಹೇಳಿದರು. "ಚುಕ್ಕಿ ನಾನಿಡ್ತೀನಿ, ಎಳೆ ನೀನು ಎಳಿ. ಒಳಗೆ ಶುಭ ಇರ್ಲಿ, ಯಾರು ಬ್ಯಾಡ ಅಂದ್ರು? ಸೂತಕ ಬೀದಿಗೆ."

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು ಎದುರಿಗೆ ಕೂತರು. ಒಬ್ಬರು ಇಟ್ಟ ಚುಕ್ಕಿಗೆ ಇನ್ನೊಬ್ಬರು ಎಳೆ ಕೂಡಿಸಿದರು. ನಾನು ಆ ಮಣೆಯ ಮೇಲೆ ಕೂತು ಬಳೆ ತೊಟ್ಟುಕೊಂಡೆ.

ಯುಗಾದಿ ಕಳೆದ ಮೇಲೆ ಫ್ಯಾಕ್ಟರಿ ಜಾಗದಲ್ಲಿ ಗುದ್ದಲಿ ಪೂಜೆ ಇಟ್ಟರು. ಗೇಟಿನ ಮುಂದೆ ಶಾಮಿಯಾನ, ಕುರ್ಚಿ, ಪಕ್ಕದಲ್ಲಿ ಗುಂಡಿ ತೋಡಲು ಜೆಸಿಬಿ. ಪೂಜೆಗೆ ಬಂದ ಪುರೋಹಿತರು ವಯಸ್ಸಾದವರು. ಬೀದಿ ದಾಟಿ ಬರುತ್ತ ಎರಡೂ ಕಡೆ ಬೋಳು ಅಂಗಳಗಳನ್ನು ನೋಡಿ ನಿಂತುಬಿಟ್ಟರು. ನಾವೆಲ್ಲ ನಮ್ಮ ನಮ್ಮ ಬಾಗಿಲಲ್ಲಿದ್ದೆವು. "ಏನಮ್ಮ, ಯಾರಾದರೂ ಹೋಗಿದ್ದಾರಾ?" ಎಂದು ಕೇಳಿದರು.

"ನೀರು ಹೋಗ್ಬುಡ್ತು ಸ್ವಾಮಿ" ಅಂದರು ದೊಡ್ಡಮ್ಮ. "ಹೆಣ ಇನ್ನೂ ಒಳಗೇ ಅದೆ. ಅದನ್ನ ಅಲ್ಲೇ ಹೂತು ಅದ್ರ ಮೇಲೆ ಪೂಜೆ ಮಾಡ್ಸಕ್ಕೆ ನಿಮ್ಮನ್ನ ಕರ್ಸವ್ರೆ. ಮಾಡಂಗಿದ್ರೆ ಮಾಡಿ. ಶಾಸ್ತ್ರ ನಿಮಗೆ ಗೊತ್ತು."

ಪುರೋಹಿತರು ಕುಸಿದ ಗೋಡೆಯ ಕಡೆ ನೋಡಿದರು. ಹಳದಿ ಇನ್ನೂ ಅಲ್ಲೇ ಹರಡಿತ್ತು. ದೊಡ್ಡಮ್ಮನ ಬೆರಳನ್ನೂ ನೋಡಿದರು. ಅವರಿಗೆ ನಿಜವಾಗಿ ಸೂತಕದ ಭಯವೋ, ಇಲ್ಲ ಆ ಹಳದಿಯ ಭಯವೋ, ನಾನು ಹೇಳಲಾರೆ. "ಇವತ್ತು ಬೇಡ ಸಾರ್. ಬೀದಿಯವರು ಸೂತಕ ಅಂದಮೇಲೆ ನನ್ನ ಕೈಲಾಗಲ್ಲ" ಎಂದು ಬಿಳಿ ಚಪ್ಪಲಿಯವನಿಗೆ ಹೇಳಿ, ಬಂದ ಆಟೋದಲ್ಲೇ ಹೊರಟರು. ಆತ ಕೂಗಾಡಿದ. ಜೆಸಿಬಿಯ ಡ್ರೈವರು ಕೀಲಿ ತೆಗೆದು ಜೇಬಿಗಿಟ್ಟುಕೊಂಡ. ಪೂಜೆಯಾಗದ ನೆಲಕ್ಕೆ ಮೊದಲ ಗುದ್ದಲಿ ತಾನು ಹಾಕುವುದಿಲ್ಲವೆಂದ.

ಆತನನ್ನು ನಿಜವಾಗಿ ಮಣಿಸಿದ್ದು ಮಾತ್ರ ಆಮೇಲಿನದು. ಸೈಟು ನೋಡಲು ಜನ ಬರತೊಡಗಿದ್ದರು. ಗಂಡ ಹೆಂಡತಿ ಕಾರಿಳಿದು ಬರುವರು. ಹೆಂಡತಿಯ ಕಣ್ಣು ಮೊದಲು ಬಾಗಿಲುಗಳ ಮುಂದೆ ಹೋಗುವುದು. "ಯಾರು ಹೋಗಿದ್ದಾರೆ?" "ನೀರು." ಮುಂದಿನ ಮನೆಯಲ್ಲೂ ಅದೇ ಪ್ರಶ್ನೆ, ಅದೇ ಉತ್ತರ. ಬೀದಿಯ ಕೊನೆ ಮುಟ್ಟುವ ಮೊದಲೇ ಅವರು ಹಿಂದಕ್ಕೆ ತಿರುಗಿರುತ್ತಿದ್ದರು. ನಾವು ಯಾರಿಗೂ ಅಡ್ಡ ನಿಲ್ಲಲಿಲ್ಲ, ಒಂದು ಸುಳ್ಳು ಹೇಳಲಿಲ್ಲ. ಕೊನೆಗೆ, ಮಣ್ಣು ಮುಚ್ಚಿದರೆ ಸಾಕು ಅನ್ನುತ್ತಿದ್ದ ಅದೇ ಮನುಷ್ಯ, ಎಲ್ಲ ಎತ್ತಿಸಿಕೊಡಿ ಸ್ವಾಮಿ ಎಂದು ಕಚೇರಿ ಕಚೇರಿ ಅಲೆದ. ನಾವು ಅಲೆದಾಗ ತೆರೆಯದ ಬಾಗಿಲು ಅವನಿಗೆ ತೆರೆಯಿತು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ನನ್ನ ಮಗಳು ಬೋರಲು ಬೀಳುವ ಹೊತ್ತಿಗೆ ಬಿಳಿ ಉಡುಪು, ಮುಖವಾಡ ತೊಟ್ಟ ಜನ ಬಂದರು. ಕಿಟಕಿ ಬಾಗಿಲು ಹಾಕಿಕೊಂಡಿರಬೇಕೆಂದು ಮನೆಮನೆಗೂ ಹೇಳಿದರು. ಮೂಟೆಗಳನ್ನು ದಪ್ಪ ಚೀಲಗಳಲ್ಲಿ ತುಂಬಿ ಬಾಯಿ ಕಟ್ಟಿದರು. ಪೀಪಾಯಿಗಳನ್ನು ಮಗುವಿನಂತೆ ಮೆಲ್ಲಗೆ ಎತ್ತಿದರು. ಹಳದಿಯಾಗಿದ್ದ ನೆಲವನ್ನೂ ಅಗೆದು ತೆಗೆದರು. ದೊಡ್ಡಮ್ಮ ತಮ್ಮ ಮುಚ್ಚಿದ ಕಿಟಕಿಯ ಗಾಜಿಗೆ ಮೂಗೊತ್ತಿ ನಿಂತಿದ್ದರು.

ಮೊದಲ ಲಾರಿ ಟಾರ್ಪಾಲು ಹೊದ್ದು ಹೊರಟಾಗ ನನಗೆ ಫೋನ್ ಬಂತು. "ಸ್ಕೂಟ್ರು ತೆಗಿ. ಅದ್ರ ಹಿಂದೆ ಹೋಗವ. ನಮ್ಮ ವಿಷನ ತಗೊಂಡೋಗಿ ಇನ್ಯಾವ್ದೋ ಊರ್ ಕೆರೆಗೆ ಸುರುದ್ಬುಟ್ರೆ? ನಾನು ಒಂದ್ಸಲ ಹಂಚಿದ್ದು ಸಾಕು." ಮಗುವನ್ನು ಅತ್ತೆಯ ಕೈಗೆ ಕೊಟ್ಟು ಹೊರಟೆ. ರಿಂಗ್ ರೋಡ್ ದಾಟಿದ ಮೇಲೂ ಬೆನ್ನು ಬಿಡದ ನಮ್ಮನ್ನು ಕನ್ನಡಿಯಲ್ಲಿ ನೋಡಿ ನೋಡಿ ಡ್ರೈವರು ಲಾರಿ ನಿಲ್ಲಿಸಿ ಇಳಿದ. "ಏನಮ್ಮ, ನನ್ನ ಹಿಂದೆ ಯಾಕೆ ಬರ್ತಿದೀರಿ?"

"ಅದು ನಮ್ಮ ಬೀದಿ ಹೆಣ ಕಣಪ್ಪ" ಅಂದರು ದೊಡ್ಡಮ್ಮ. "ಸುಡುಗಾಡಿನ ತನಕ ಹೋಗೋದು ವಾಡಿಕೆ. ಹೆಂಗಸ್ರು ಹೋಗಲ್ಲ, ನಿಜ. ನಾವು ಬಂದಿದೀವಿ."

ಅವನು ತಲೆ ಚಚ್ಚಿಕೊಂಡು ನಕ್ಕ. ಇಂಥ ಕಸಕ್ಕೆಂದೇ ಕಟ್ಟಿದ ಜಾಗ ಬಹಳ ದೂರವಿದೆ, ಸ್ಕೂಟರಿನಲ್ಲಿ ಆಗದು ಎಂದು ಹೇಳಿ, ಅಲ್ಲಿ ಇಳಿಸಿದ್ದನ್ನು ಫೋಟೊ ತೆಗೆದು ಕಳಿಸುವುದಾಗಿ ದೊಡ್ಡಪ್ಪನ ನಂಬರು ತೆಗೆದುಕೊಂಡ. ಕಳಿಸಿದ. ಪ್ರತಿ ಲಾರಿಯದ್ದೂ ಕಳಿಸಿದ.

ಕೊನೆಯ ಲಾರಿ ಹೋದ ಮಾರನೆಯ ಬೆಳಿಗ್ಗೆ ಇಡೀ ಬೀದಿ ತೊಳೆದು ರಂಗೋಲಿ ಬಿಟ್ಟೆವು. ಮೂಲೆಮನೆಯ ಮುಂದೆ ದೊಡ್ಡಮ್ಮ ಚುಕ್ಕಿ ಇಟ್ಟರು, ನಾನು ಎಳೆ ಎಳೆದೆ. ಅಲ್ಲಿಂದ ಮುಂದೆ ದಿನವೂ ಹಾಗೇ. ಬೋರ್‌ವೆಲ್ ನೀರು ಮಾತ್ರ ಇನ್ನೂ ಕುಡಿಯುವಂತಾಗಿಲ್ಲ. ನೆಲದೊಳಗೆ ಇಳಿದದ್ದು ಅಷ್ಟು ಬೇಗ ಬಿಡುವುದಿಲ್ಲವಂತೆ. ವರ್ಷವರ್ಷವೂ ಪರೀಕ್ಷೆ ಮಾಡಿಸಿ ಎಂದು ನಾವು ಹೋಗಿ ನಿಲ್ಲುತ್ತೇವೆ. ಮಾಡದಿದ್ದರೆ ಏನು ನಿಲ್ಲಿಸಬೇಕೆಂದು ನಮಗೆ ಗೊತ್ತಿದೆ, ಅವರಿಗೂ ಗೊತ್ತಿದೆ.

ಹೋದ ಮಾಘದಲ್ಲಿ ದೊಡ್ಡಮ್ಮ ಹೋದರು. ನಿದ್ದೆಯಲ್ಲೇ, ಯಾರನ್ನೂ ಕಾಡದೆ. ಬೆಳಿಗ್ಗೆ ಸುದ್ದಿ ತಿಳಿದಾಗ ನಾನು ಅಂಗಳಕ್ಕೆ ನೀರು ಹಾಕಿದ್ದೆ, ರಂಗೋಲಿ ಬಟ್ಟಲು ಕೈಯಲ್ಲಿತ್ತು. ಬಟ್ಟಲು ಒಳಗಿಟ್ಟು ಮೂಲೆಮನೆಗೆ ಓಡಿದೆ. ಅವರನ್ನು ಜಗಲಿಯಲ್ಲಿ ಮಲಗಿಸಿದ್ದರು. ಬಲಗೈ ಹೊದಿಕೆಯಿಂದ ಹೊರಗಿತ್ತು. ಹೆಬ್ಬೆರಳಿನ ಗುಳಿಯಲ್ಲಿ ಹಿಂದಿನ ದಿನದ ಬಿಳಿ ಪುಡಿ ಇನ್ನೂ ಉಳಿದಿತ್ತು. ನಾಚಿಕೆಯಿಲ್ಲದೆ ಗಟ್ಟಿಯಾಗಿ ಅತ್ತುಬಿಟ್ಟೆ.

ಎಷ್ಟು ಹೊತ್ತಾಗಿತ್ತೋ. ತಿರುಗಿ ನೋಡಿದರೆ ನಮ್ಮತ್ತೆ ನಾನು ಒಳಗಿಟ್ಟು ಬಂದ ಅದೇ ಬಟ್ಟಲು ಹಿಡಿದು, ಮೂಲೆಮನೆಯ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಚುಕ್ಕಿ ಇಡುತ್ತಿದ್ದರು. ಊರಿನಿಂದ ಬಂದಿದ್ದ ದೊಡ್ಡಮ್ಮನ ಕಡೆಯ ಹಿರಿಯರೊಬ್ಬರು ಹೌಹಾರಿದರು. "ಏನಮ್ಮ ಇದು? ಹೆಣ ಇನ್ನೂ ಎತ್ತಿಲ್ಲ, ಸೂತಕದ ಮನೆ ಮುಂದೆ ರಂಗೋಲಿನಾ?"

ಅತ್ತೆ ತಲೆ ಎತ್ತಲಿಲ್ಲ. "ಈ ಬೀದಿ ಸೂತಕ ಎಲ್ಲಾ ಆಗ್ಲೇ ಕಳೆದಾಯ್ತು. ಕಳೆದೋಳು ಅವಳೇ. ನೀವು ಸುಮ್ನಿರಿ" ಅಂದರು. ನನ್ನ ಕಡೆ ತಿರುಗಿ, "ಅಳೋದು ಆಮೇಲೆ ಅಳೀವಂತೆ. ಬಾ, ಎಳೆ ಎಳಿ" ಎಂದರು.

ಎಳೆದೆ. ಕಣ್ಣು ಮಂಜಾಗಿ ಎಳೆ ಸೊಟ್ಟಗಾಯಿತು, ಅತ್ತೆ ಬೈಯಲಿಲ್ಲ. ನಮ್ಮನ್ನು ನೋಡಿ ಎದುರುಮನೆಯವರು ಬಗ್ಗಿದರು, ಅವರ ಪಕ್ಕದವರು ಬಗ್ಗಿದರು. ಹೊರುವವರು ಬರುವಷ್ಟರಲ್ಲಿ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ರಂಗೋಲಿ, ನಡುವೆ ಅಡುಗೆಮನೆಯ ಅರಿಶಿನ. ಎಲ್ಲಿ ಕಾಲಿಡುವುದೆಂದು ಅವರು ತಡವರಿಸಿ ನಿಂತರು.

"ತುಳೀರಪ್ಪ" ಅಂದರು ನಮ್ಮತ್ತೆ. "ಅದು ಇರೋದೇ ತುಳಿಯೋಕೆ."

ತುಳಿದುಕೊಂಡು ಹೋದರು. ಮಾರನೆಯ ಬೆಳಿಗ್ಗೆ ಮತ್ತೆ ಬಿಟ್ಟೆವು.